ಹೆನ್ರಿ ಸ್ಪೆಕ್: ಕ್ವಾಕಿಯುಟ್ಲ್ ಚಿತ್ರಕಾರನ ಬದುಕು ಮತ್ತು ಕೃತಿ

ಕಲಾವಿದರ ಪರಿಚಯ ಬರೆಯುವಾಗ ‘ಸ್ವಯಂಶಿಕ್ಷಿತ’ ಎಂಬ ವಿಶೇಷಣವನ್ನು ಬಳಸುವುದು ಕಲಾ ಬರವಣಿಗೆಯಲ್ಲಿ ರೂಢಿಯಾಗಿದೆ. ಚಿತ್ರಶಾಲೆಗೆ ಹೋಗದ, ಡಿಪ್ಲೊಮಾ ಪಡೆಯದ, ಹೆಸರಾಂತ ಗುರುವಿನ ಬಳಿ ಅಭ್ಯಾಸ ಮಾಡದ ಎಲ್ಲರಿಗೂ ಈ ಮಾತನ್ನು ಅನ್ವಯಿಸಲಾಗುತ್ತದೆ. ನಗರದಲ್ಲಿ ಬೆಳೆದು ಏಕಾಂತದಲ್ಲಿ ಅಭ್ಯಾಸ ಮಾಡಿದ ಒಬ್ಬ ಚಿತ್ರಕಾರನಿಗೆ ಇದು ಒಪ್ಪಬಹುದು. ಆದರೆ ಶತಮಾನಗಳ ರೂಪಪರಂಪರೆಯುಳ್ಳ ಸಮುದಾಯದಲ್ಲಿ ಹುಟ್ಟಿದ ಕಲಾವಿದನಿಗೆ ಇದೇ ಮಾತನ್ನು ಹೇಳಿದಾಗ ಅದರ ಅರ್ಥವೇನು ಎಂಬುದು ವಿಚಾರಿಸಬೇಕಾದ ಸಂಗತಿ. ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕಿಯುಟ್ಲ್ ಜನಾಂಗದ ಚಿತ್ರಕಾರ ಹೆನ್ರಿ ಸ್ಪೆಕ್ (1908–1971) ಅವರ ಬದುಕು ಈ ವಿಚಾರಣೆಗೆ ಉತ್ತಮ ಆಧಾರವನ್ನು ಒದಗಿಸುತ್ತದೆ. ಕರ್ನಾಟಕದ ಚಿತ್ರಗಾರ, ದೀವರು ಮತ್ತು ಕಿಳ್ಳೇಕ್ಯಾತ ಸಮುದಾಯಗಳ ಕಲೆಯನ್ನು ದಾಖಲಿಸುವವರಿಗೂ ಈ ದೂರದ ಉದಾಹರಣೆ ಉಪಯುಕ್ತವಾದುದು.

1. ಜನಾಂಗ ಮತ್ತು ಹೆಸರು

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ವ್ಯಾಂಕೂವರ್ ಎಂಬ ದೊಡ್ಡ ದ್ವೀಪವಿದೆ. ಅದರ ಉತ್ತರ ಭಾಗ, ಅದಕ್ಕೆ ಎದುರಾಗಿರುವ ಮುಖ್ಯ ಭೂಭಾಗದ ಕಡಲ ಕೊರಕಲುಗಳು ಮತ್ತು ನಡುವಣ ಕಿರುದ್ವೀಪಗಳು ಈ ಜನರ ನೆಲೆ. ಇವರ ಭಾಷೆ ಕ್ವಾಕ್ವಲ. ‘ಕ್ವಾಕಿಯುಟ್ಲ್’ ಎಂಬುದು ಮೂಲತಃ ಫೋರ್ಟ್ ರೂಪರ್ಟ್ ಎಂಬಲ್ಲಿ ನೆಲೆಸಿದ್ದ ಒಂದು ಬಣದ ಹೆಸರು. ವಸಾಹತು ಆಡಳಿತಗಾರರೂ ಮಾನವಶಾಸ್ತ್ರಜ್ಞರೂ ಅದನ್ನು ಆ ಭಾಷೆಯಾಡುವ ಎಲ್ಲ ಬಣಗಳಿಗೂ ಹೊದಿಸಿದರು. ಈಗ ಆ ಜನರು ತಮ್ಮನ್ನು ‘ಕ್ವಾಕ್ವಲ ಮಾತನಾಡುವವರು’ ಎಂಬ ಅರ್ಥದ ‘ಕ್ವಾಕ್ವಕವಾಕ್’ ಎಂಬ ಹೆಸರಿನಿಂದ ಕರೆದುಕೊಳ್ಳುತ್ತಾರೆ. ಸ್ಪೆಕ್ ಅವರ ಕಾಲದ ಪ್ರಕಟಣೆಗಳಲ್ಲಿ ಹಳೆಯ ಹೆಸರೇ ಇರುವುದರಿಂದ ಶೀರ್ಷಿಕೆಯಲ್ಲಿ ಅದನ್ನು ಉಳಿಸಿಕೊಳ್ಳಲಾಗಿದೆ.

ಕೆಂಪು ದೇವದಾರು ಮರ ಇವರ ಬದುಕಿನ ಆಧಾರವಾಗಿತ್ತು. ಮನೆಯ ಹಲಗೆ, ದೋಣಿ, ಪೆಟ್ಟಿಗೆ, ಮುಖವಾಡ, ಕುಲಸ್ತಂಭ ಎಲ್ಲವೂ ಆ ಮರದಿಂದಲೇ ಸಿದ್ಧವಾಗುತ್ತಿದ್ದವು. ಬೇಸಿಗೆ ಮೀನುಗಾರಿಕೆಯ ಕಾಲ. ಚಳಿಗಾಲ ಆಚರಣೆಯ ಕಾಲ. ಒಂದೊಂದು ವಂಶಕ್ಕೂ ಅದರ ಮೂಲಪುರುಷನ ಕಥೆಯಿದೆ. ಸಿಡಿಲಹಕ್ಕಿಯ ರೂಪದಲ್ಲೋ ಸೂರ್ಯನ ರೂಪದಲ್ಲೋ ಕಡಲ ಜೀವಿಯ ರೂಪದಲ್ಲೋ ಬಂದ ಅವನು ಮುಖವಾಡ ಕಳಚಿ ಮನುಷ್ಯನಾದನೆಂದು ಆ ಕಥೆಗಳು ಹೇಳುತ್ತವೆ. ಆ ಕಥೆ, ಅದರ ಹಾಡು, ಕುಣಿತ, ಮುಖವಾಡ ಮತ್ತು ಚಿತ್ರರೂಪ ಒಟ್ಟಾಗಿ ಆ ವಂಶದ ಸ್ವತ್ತು. ಹಕ್ಕಿಲ್ಲದವರು ಅದನ್ನು ಬಳಸುವಂತಿಲ್ಲ. ಮಗುವಿನ ನಾಮಕರಣ, ಮದುವೆ, ಮೃತರ ಸ್ಮರಣೆ, ಪಟ್ಟವೇರುವಿಕೆ ಮುಂತಾದ ಸಂದರ್ಭಗಳಲ್ಲಿ ನಡೆಯುವ ‘ಪಾಟ್ಲ್ಯಾಚ್’ ಎಂಬ ಮಹಾಕೂಟದಲ್ಲಿ ಈ ಹಕ್ಕುಗಳನ್ನು ಪ್ರದರ್ಶಿಸಲಾಗುತ್ತಿತ್ತು. ನೆರೆದವರು ಅದಕ್ಕೆ ಸಾಕ್ಷಿಗಳು. ಸಾಕ್ಷಿಗಳಾದ ಕಾರಣಕ್ಕೆ ಅವರಿಗೆ ಉಡುಗೊರೆ ಸಲ್ಲುತ್ತಿತ್ತು. ಬರವಣಿಗೆಯಿಲ್ಲದ ಸಮಾಜದಲ್ಲಿ ಈ ಕೂಟವೇ ದಾಖಲೆ ಕಚೇರಿಯ ಕೆಲಸ ಮಾಡುತ್ತಿತ್ತು ಎನ್ನಬಹುದು.

2. ನಿಷೇಧದ ಕಾಲ

ಕೈಯಲ್ಲಿರುವುದನ್ನೆಲ್ಲ ಹಂಚಿ ಕೀರ್ತಿ ಗಳಿಸುವ ಈ ಪದ್ಧತಿ ವಸಾಹತು ಸರ್ಕಾರಕ್ಕೂ ಪಾದ್ರಿಗಳಿಗೂ ದುಂದಾಗಿ ಕಂಡಿತು. 1884ರಲ್ಲಿ ಇಂಡಿಯನ್ ಕಾಯಿದೆಗೆ ತಿದ್ದುಪಡಿ ತಂದು ಪಾಟ್ಲ್ಯಾಚನ್ನು ಅಪರಾಧವೆಂದು ಸಾರಲಾಯಿತು. 1885ರಿಂದ ಜಾರಿಗೆ ಬಂದ ಈ ನಿಷೇಧ 1951ರ ಪರಿಷ್ಕೃತ ಕಾಯಿದೆಯಲ್ಲಿ ಕೈಬಿಟ್ಟುಹೋಗುವವರೆಗೆ ಉಳಿಯಿತು. ಸ್ಪೆಕ್ ಅವರ ಬಾಲ್ಯ, ಯೌವನ ಮತ್ತು ನಡುವಯಸ್ಸಿನ ಮೊದಲ ಭಾಗ ಪೂರ್ತಿಯಾಗಿ ಈ ಅವಧಿಯೊಳಗೆ ಬೀಳುತ್ತವೆ ಎಂಬುದು ಅವರ ಕಲೆಯನ್ನು ಅರಿಯಲು ಅತಿಮುಖ್ಯವಾದ ಸಂಗತಿ.

ಮೊದಲ ಕೆಲವು ದಶಕ ಕಾಯಿದೆ ಸಡಿಲವಾಗಿಯೇ ಇತ್ತು. 1921ರ ಡಿಸೆಂಬರ್‌ನಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬ ಮುಖಂಡರು ವಿಲೇಜ್ ದ್ವೀಪದಲ್ಲಿ ದೊಡ್ಡ ಪಾಟ್ಲ್ಯಾಚ್ ನಡೆಸಿದರು. ಸರ್ಕಾರದ ಪ್ರತಿನಿಧಿ ವಿಲಿಯಂ ಹ್ಯಾಲಿಡೇ ಅದನ್ನು ಹಿಡಿದು ಮೊಕದ್ದಮೆ ಹೂಡಿದರು. 45 ಜನರ ಮೇಲೆ ಆರೋಪ ಬಂದಿತು. ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಕೊಟ್ಟದ್ದು ಅಥವಾ ಸ್ವೀಕರಿಸಿದ್ದು ಅವರ ಅಪರಾಧಗಳಾಗಿದ್ದವು. ಮುಖವಾಡ ಮತ್ತು ಆಚರಣೆಯ ಸಾಮಗ್ರಿಗಳನ್ನು ಬಣಗಳು ಒಪ್ಪಿಸಿದರೆ ಶಿಕ್ಷೆಯನ್ನು ಅಮಾನತಿನಲ್ಲಿಡುವುದಾಗಿ ಹೇಳಲಾಯಿತು. ಹಲವರು ಒಪ್ಪಿಸಿದರು. ಸುಮಾರು 20 ಮಂದಿ ವ್ಯಾಂಕೂವರ್ ನಗರದ ಬಳಿಯ ಓಕಲ್ಲಾ ಸೆರೆಮನೆಗೆ ಹೋದರು. ಒಪ್ಪಿಸಿದ ವಸ್ತುಗಳು ಆಟವಾ ಮತ್ತು ಟೊರಾಂಟೊ ನಗರಗಳ ವಸ್ತುಸಂಗ್ರಹಾಲಯಗಳಿಗೆ ಸೇರಿದವು. ಕೆಲವನ್ನು ನ್ಯೂಯಾರ್ಕಿನ ಸಂಗ್ರಾಹಕ ಜಾರ್ಜ್ ಹೈ ಕೊಂಡರು. ಆಗ ಸ್ಪೆಕ್ ಅವರಿಗೆ 13 ವರ್ಷ.

ನಿಷೇಧದಿಂದ ಆಚರಣೆ ಅಳಿಯಲಿಲ್ಲ. ಅದು ದೂರದ ದ್ವೀಪಗಳಿಗೆ, ಬಿರುಗಾಳಿಯ ಕಾರಣ ಸರ್ಕಾರದ ದೋಣಿ ಬರಲಾರದ ಚಳಿಗಾಲದ ದಿನಗಳಿಗೆ ಸರಿಯಿತು. ಆದರೆ ಮುಖವಾಡ ಕೆತ್ತುವ ಬಹಿರಂಗ ಬೇಡಿಕೆ ಕುಗ್ಗಿತು. 1862ರ ಸಿಡುಬು ಮತ್ತು ನಂತರದ ಸೋಂಕುಗಳಿಂದ ಜನಸಂಖ್ಯೆ ಈಗಾಗಲೇ ಇಳಿದಿತ್ತು. ವಸತಿ ಶಾಲೆಗಳಲ್ಲಿ ಮಕ್ಕಳು ತಮ್ಮ ಭಾಷೆಯಾಡುವುದನ್ನು ತಡೆಯಲಾಗುತ್ತಿತ್ತು. ಹಿರಿಯ ಕುಶಲಿಯ ಕೈಕೆಳಗೆ ಕಿರಿಯನು ವರ್ಷಗಟ್ಟಲೆ ದುಡಿದು ಕಲಿಯುವ ಸರಪಣಿ ಹಲವು ಕಡೆ ತುಂಡಾಯಿತು.

3. ಮೀನುಗಾರ, ಮುಖಂಡ, ಚಿತ್ರಕಾರ

ಹೆನ್ರಿ ಸ್ಪೆಕ್ 1908ರಲ್ಲಿ ಟರ್ನರ್ ದ್ವೀಪದ ಕಲುಗ್ವಿಸ್ ಎಂಬ ಹಳ್ಳಿಯಲ್ಲಿ ಜನಿಸಿದರು. ಕ್ವಾಕ್ವಕವಾಕ್ ಜನಾಂಗದ ಲಾವಿಟ್ಸಿಸ್ ಬಣಕ್ಕೆ ಅವರು ಸೇರಿದವರು. ಉಡ್ಜಿಸ್ತಾಲಿಸ್ ಎಂಬುದು ಅವರ ಸಾಂಪ್ರದಾಯಿಕ ಹೆಸರು. ಜೀವನೋಪಾಯಕ್ಕೆ ಮೀನುಗಾರಿಕೆ ಮಾಡಿದರು. ತಮ್ಮ ಜನರ ನಡುವೆ ಮುಖಂಡರಾಗಿದ್ದರು. ಚಿತ್ರಕಲೆಯ ಶಾಲಾಶಿಕ್ಷಣ ಅವರಿಗೆ ದೊರೆಯಲಿಲ್ಲ. ಕಾಗದದ ಮೇಲೆ ಬಣ್ಣದಲ್ಲಿ ಚಿತ್ರಿಸುವುದನ್ನು ಅವರು 1930ರ ದಶಕದಿಂದಲೇ ರೂಢಿಸಿಕೊಂಡಿದ್ದರು. ಹೊರಗಿನ ಕಲಾಲೋಕ ಅವರನ್ನು ಗುರುತಿಸಿದ್ದು ಮೂರು ದಶಕಗಳ ನಂತರ.

1960ರ ದಶಕದ ಆರಂಭದಲ್ಲಿ ಗ್ಯೂಲಾ ಮೇಯರ್ ಎಂಬವರು ಸ್ಪೆಕ್ ಅವರ ಚಿತ್ರಗಳಲ್ಲಿ ಆಸಕ್ತಿ ತಳೆದು ಅವನ್ನು ಬರೆಸಿ ಸಂಗ್ರಹಿಸಿದರು. ಆ ಚಿತ್ರಗಳ ಮುದ್ರಿತ ಸಂಪುಟವೊಂದು ಹೊರಬಂದಿತು. 1964ರಲ್ಲಿ ವ್ಯಾಂಕೂವರ್ ನಗರದ ನ್ಯೂ ಡಿಸೈನ್ ಗ್ಯಾಲರಿಯಲ್ಲಿ ಪ್ರದರ್ಶನ ನಡೆಯಿತು. ಆಲ್ವಿನ್ ಬಾಲ್‌ಕೈಂಡ್ ಮತ್ತು ಏಬ್ರಹಾಂ ರೊಗಾಟ್ನಿಕ್ ಅವರು 1955ರಲ್ಲಿ ಆರಂಭಿಸಿದ ಆ ಗ್ಯಾಲರಿ ಆಧುನಿಕ ಕಲೆಗೆ ಮೀಸಲಾದ ಸ್ಥಳ. ಅಲ್ಲಿಯವರೆಗೆ ಈ ಕರಾವಳಿಯ ಮೂಲನಿವಾಸಿಗಳ ಕಲೆಯನ್ನು ಸಾಮಾನ್ಯವಾಗಿ ಮಾನವಶಾಸ್ತ್ರದ ಸಂಗ್ರಹಾಲಯಗಳಲ್ಲಿ ಬಣದ ಹೆಸರಿನ ಚೀಟಿಯೊಡನೆ ಇಡಲಾಗುತ್ತಿತ್ತು. ಬದುಕಿರುವ ಒಬ್ಬ ಮೂಲನಿವಾಸಿ ಚಿತ್ರಕಾರನ ಕೃತಿಗಳು ಅವನ ಹೆಸರಿನಲ್ಲೇ ಸಮಕಾಲೀನ ಕಲೆಯ ಗೋಡೆಯೇರಿದ್ದು ಆ ಕಾಲಕ್ಕೆ ಅಪರೂಪದ ಘಟನೆ.

ಅದೇ ದಶಕದ ಮಧ್ಯದಲ್ಲಿ ಅಲರ್ಟ್ ಬೇ ಊರಿನಲ್ಲಿ ಸಮುದಾಯದ ದೊಡ್ಡಮನೆ ನಿರ್ಮಾಣವಾಯಿತು. ಅದರ ಕಲಾ ನಿರ್ದೇಶನದ ಹೊಣೆಯನ್ನು ಸ್ಪೆಕ್ ವಹಿಸಿದರು. ಕಾಗದದ ಅಳತೆಯಲ್ಲಿ ದುಡಿದ ಕೈ ಇಲ್ಲಿ ಕಂಬ ಮತ್ತು ಗೋಡೆಯ ಅಳತೆಗೆ ಹಿಂದಿರುಗಿತು. ನಿಷೇಧದ ಕಾಲದಲ್ಲಿ ಕದ್ದು ಮಾಡಬೇಕಾಗಿದ್ದ ಆಚರಣೆಗೆ ಈಗ ಊರ ನಡುವೆ ಬಹಿರಂಗ ಸ್ಥಳ ದೊರೆಯಿತು. ಆ ಕಟ್ಟಡ 1997ರಲ್ಲಿ ಬೆಂಕಿಗೆ ಆಹುತಿಯಾಯಿತು. ಸಮುದಾಯದವರು 1999ರಲ್ಲಿ ಮತ್ತೆ ಕಟ್ಟಿ ತೆರೆದರು. ಸ್ಪೆಕ್ 1971ರಲ್ಲಿ ನಿಧನ ಹೊಂದಿದರು.

4. ಚಿತ್ರಗಳ ಸ್ವರೂಪ

ಸ್ಪೆಕ್ ಅವರ ವಸ್ತುಗಳು ಅವರ ಜನರ ಕಥೆ ಮತ್ತು ಕುಣಿತಗಳಿಂದ ಬಂದವು. ಸಿಡಿಲಹಕ್ಕಿ, ಎರಡು ತಲೆಯ ಸರ್ಪ ಸಿಸಿಯುಟ್ಲ್, ಕಡಲಾಳದ ಜೀವಿಗಳು, ಸೂರ್ಯ, ಚಂದ್ರ ಮತ್ತು ಮುಖವಾಡ ತೊಟ್ಟ ನರ್ತಕರು ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಬಿಳಿಯ ಕಾಗದದ ನಡುವೆ ಒಂದೇ ಆಕೃತಿ ನಿಲ್ಲುತ್ತದೆ. ಹಿನ್ನೆಲೆಯ ನಿಸರ್ಗವಾಗಲಿ ದೂರ-ಹತ್ತಿರಗಳ ಭ್ರಮೆಯಾಗಲಿ ಇಲ್ಲ. ಆಕೃತಿಯ ಮೈಯೊಳಗೆ ಗೆರೆ, ಚುಕ್ಕೆ ಮತ್ತು ಗರಿಗಳ ವಿನ್ಯಾಸ ದಟ್ಟವಾಗಿ ತುಂಬಿರುತ್ತದೆ. ಬಾಗಿದ ಮೈ, ಹರಡಿದ ರೆಕ್ಕೆ, ತೆರೆದ ಬಾಯಿಗಳಿಂದ ಚಲನೆಯ ಭಾವ ಉಂಟಾಗುತ್ತದೆ.

ವಾಯವ್ಯ ಕರಾವಳಿಯ ಕಲೆಗೆ ಕಟ್ಟುನಿಟ್ಟಾದ ರೂಪವ್ಯಾಕರಣವಿದೆ. ಒಮ್ಮೆ ದಪ್ಪವಾಗಿ ಒಮ್ಮೆ ತೆಳುವಾಗಿ ಹರಿಯುವ ಮುಖ್ಯರೇಖೆ, ಕಣ್ಣು ಮತ್ತು ಕೀಲುಗಳಿಗೆ ಬಳಸುವ ಮೊಟ್ಟೆಯಾಕಾರ, ಇಂಗ್ಲಿಷಿನ ‘ಯು’ ಅಕ್ಷರದಂಥ ಆಕಾರ ಇವು ಅದರ ಘಟಕಗಳು. ಬಿಲ್ ಹೋಮ್ ಎಂಬ ವಿದ್ವಾಂಸರು ಉತ್ತರ ಭಾಗದ ಬಣಗಳ ಕಲೆಯನ್ನು ಆಧರಿಸಿ ಈ ವ್ಯಾಕರಣವನ್ನು ವಿವರಿಸುವ ಗ್ರಂಥವನ್ನು 1965ರಲ್ಲಿ ಪ್ರಕಟಿಸಿದರು. ಕ್ವಾಕ್ವಕವಾಕ್ ಕಲಾವಿದರು ಅದೇ ಘಟಕಗಳನ್ನು ಹೆಚ್ಚು ಸ್ವಾತಂತ್ರ್ಯದಿಂದ, ಹೆಚ್ಚು ಬಣ್ಣಗಳಲ್ಲಿ, ನಾಟಕೀಯವಾಗಿ ಬಳಸಿದವರು. ಹೋಮ್ ಅವರ ಗ್ರಂಥ ಬರುವ ಒಂದು ವರ್ಷ ಮೊದಲೇ ಸ್ಪೆಕ್ ಅವರ ಪ್ರದರ್ಶನ ಮುಗಿದಿತ್ತು. ವಿದ್ವಾಂಸರು ಸೂತ್ರರೂಪದಲ್ಲಿ ಬರೆದಿಡುವ ಮೊದಲೇ ಸ್ಪೆಕ್ ಆ ಭಾಷೆಯನ್ನು ಬಲ್ಲವರಾಗಿದ್ದರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಾಮಗ್ರಿಯ ವಿಚಾರವೂ ಗಮನಾರ್ಹ. ಹಿಂದೆ ಇದ್ದಿಲಿನ ಕಪ್ಪು ಮತ್ತು ಕಾವಿಮಣ್ಣಿನ ಕೆಂಪನ್ನು, ಅಗಿದ ಸಾಲ್ಮನ್ ಮೀನಿನ ಮೊಟ್ಟೆಯ ಅಂಟಿನಲ್ಲಿ ಕಲಸಿ ಮರಕ್ಕೆ ಬಳಿಯುತ್ತಿದ್ದರು. ಸ್ಪೆಕ್ ಬಳಸಿದ್ದು ಅಂಗಡಿಯ ಬಣ್ಣ ಮತ್ತು ಕಾಗದ. ಈ ಬದಲಾವಣೆಯನ್ನು ಪರಂಪರೆಯ ಸಡಿಲಿಕೆಯೆಂದು ತಿಳಿಯಬೇಕಾಗಿಲ್ಲ. ಅವರಿಗಿಂತ ಹಿರಿಯರಾದ ಕೆತ್ತನೆಗಾರ ಚಾರ್ಲಿ ಜೇಮ್ಸ್ ತಮ್ಮ ಕೊನೆಯ ದಶಕಗಳಲ್ಲಿ ಕಾಗದದ ಮೇಲೆ ಜಲವರ್ಣ ಚಿತ್ರಗಳನ್ನು ಬರೆದಿದ್ದರು. ಜೇಮ್ಸ್ ಅವರ ಮಲಮಗ ಮತ್ತು ಶಿಷ್ಯರಾದ ಮುಂಗೋ ಮಾರ್ಟಿನ್ ಕೂಡ ಹಾಗೆಯೇ ಮಾಡಿದರು. ಮುಖವಾಡ ಮತ್ತು ಕಂಬಗಳು ಅಪರಾಧದ ಸಾಕ್ಷ್ಯಗಳಾಗಬಹುದಾಗಿದ್ದ ಕಾಲದಲ್ಲಿ ಕಾಗದ ಹಗುರವಾದ, ಎಲ್ಲರ ಕೈಗೆಟಕುವ ಮಾಧ್ಯಮವಾಗಿತ್ತು. ಮುಖವಾಡವನ್ನು ಕುಣಿತದಿಂದ ಬೇರ್ಪಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಹೊತ್ತಿನಲ್ಲಿ, ಸ್ಪೆಕ್ ಅವರ ಕಾಗದದ ಮೇಲೆ ಅದು ನರ್ತಕನ ಮೈಯೊಡನೆ ಇತ್ತು.

ಇಲ್ಲಿ ಒಂದು ಸೂಕ್ಷ್ಮ ಸಮಸ್ಯೆಯೂ ಇದೆ. ವಂಶದ ಸ್ವತ್ತಾದ ರೂಪವನ್ನು ಮಾರಾಟದ ಚಿತ್ರವಾಗಿ ಬರೆಯುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು ಈ ಕರಾವಳಿಯ ಕಲಾವಿದರೆಲ್ಲ ಎದುರಿಸಬೇಕಾಯಿತು. ಕೊಳ್ಳುವವರಿಗೆ ಚಿತ್ರ ದಕ್ಕುತ್ತದೆ. ಆ ರೂಪವನ್ನು ಆಚರಣೆಯಲ್ಲಿ ತೊಟ್ಟು ಕುಣಿಯುವ ಹಕ್ಕು ದಕ್ಕುವುದಿಲ್ಲ. ಚಿತ್ರವನ್ನು ಪರರಿಗೆ ಕೊಟ್ಟರೂ ಹಕ್ಕು ಮನೆತನದಲ್ಲೇ ಉಳಿಯುತ್ತದೆ ಎಂಬ ಈ ತಿಳಿವಳಿಕೆ, ಹಕ್ಕುಸ್ವಾಮ್ಯವನ್ನು ಕುರಿತ ಇಂದಿನ ಕಾನೂನಿನ ಕಲ್ಪನೆಗಿಂತ ಭಿನ್ನವಾದುದು.

5. ‘ಸ್ವಯಂಶಿಕ್ಷಿತ’ ಎಂಬ ಮಾತು

ಮುಂಗೋ ಮಾರ್ಟಿನ್ (1879–1962) ಅವರೊಡನೆ ಹೋಲಿಸಿದಾಗ ಸ್ಪೆಕ್ ಅವರಿಗೆ ಈ ವಿಶೇಷಣ ಏಕೆ ಬಂದಿತೆಂಬುದು ತಿಳಿಯುತ್ತದೆ. ಮಾರ್ಟಿನ್ ಅವರಿಗೆ ಚಾರ್ಲಿ ಜೇಮ್ಸ್ ಎಂಬ ಗುರುವಿದ್ದರು. ಅವರು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹಳೆಯ ಕಂಬಗಳನ್ನು ದುರಸ್ತಿ ಮಾಡಿದರು. ವಿಕ್ಟೋರಿಯಾ ನಗರದಲ್ಲಿ ಸಾಂಪ್ರದಾಯಿಕ ದೊಡ್ಡಮನೆ ಕಟ್ಟಿ, ನಿಷೇಧ ತೆರವಾದ ನಂತರದ ಮೊದಲ ಬಹಿರಂಗ ಪಾಟ್ಲ್ಯಾಚನ್ನು 1953ರಲ್ಲಿ ಅಲ್ಲಿ ನಡೆಸಿದರು. ಸ್ಪೆಕ್ ಅವರಿಗೆ ಇಂಥ ಗುರುಶಿಷ್ಯ ಸಂಬಂಧದ ದಾಖಲೆಯಿಲ್ಲ. ದಾಖಲೆಯಿಲ್ಲದ ಕಡೆ ‘ಸ್ವಯಂಶಿಕ್ಷಿತ’ ಎಂದು ಬರೆಯುವುದು ಸುಲಭ.

ಆದರೆ ಗುರುವಿನ ಹೆಸರಿಲ್ಲ ಎಂದ ಮಾತ್ರಕ್ಕೆ ಕಲಿಕೆಯಿಲ್ಲ ಎಂದಾಗುವುದಿಲ್ಲ. ರೂಪಗಳನ್ನು ಕುಣಿತದಲ್ಲಿ ಕಂಡು, ಕಥೆಗಳನ್ನು ಹಿರಿಯರಿಂದ ಕೇಳಿ, ಯಾವ ರೂಪ ಯಾರದು ಎಂಬ ವಿವೇಕವನ್ನು ಸಮುದಾಯದ ನಡುವೆ ಬೆಳೆಸಿಕೊಳ್ಳುವುದೇ ಅಲ್ಲಿನ ಶಿಕ್ಷಣಕ್ರಮ. ಆ ಶಿಕ್ಷಣದ ಶಾಲೆಯನ್ನು ಕಾಯಿದೆ 66 ವರ್ಷ ಮುಚ್ಚಲು ಯತ್ನಿಸಿತು. ಮುಚ್ಚಿದ ಶಾಲೆಯಲ್ಲಿ ಕಲಿತು ಬಂದವನನ್ನು ‘ತಾನೇ ಕಲಿತವನು’ ಎಂದು ಹೊಗಳಿದಾಗ, ಅವನಿಗೆ ಕಲಿಸಿದವರೂ ಆ ಶಾಲೆಯನ್ನು ಮುಚ್ಚಿದವರೂ ಒಟ್ಟಿಗೆ ಮರೆಯಾಗುತ್ತಾರೆ. ಈ ವಿಶೇಷಣದ ಬಗ್ಗೆ ಸಂಶೋಧಕರು ಎಚ್ಚರ ವಹಿಸಬೇಕಾದದ್ದು ಈ ಕಾರಣಕ್ಕೆ. ಕಾಗದದ ಮೇಲೆ ಬಣ್ಣವನ್ನು ಹದಗೊಳಿಸುವ ತಂತ್ರದ ಮಟ್ಟಿಗೆ ಸ್ಪೆಕ್ ಸ್ವಯಂಶಿಕ್ಷಿತರು ಎಂಬ ಮಾತು ನಿಲ್ಲುತ್ತದೆ. ರೂಪ, ವಸ್ತು ಮತ್ತು ಹಕ್ಕಿನ ಮಟ್ಟಿಗೆ ಅದು ನಿಲ್ಲುವುದಿಲ್ಲ.

6. ಕರ್ನಾಟಕದ ಸಂದರ್ಭ

ಇದೇ ಪ್ರಶ್ನೆಯನ್ನು ಭಾರತದಲ್ಲೂ ಕೇಳಬಹುದು. ಮಧ್ಯಪ್ರದೇಶದ ಪರ್ಧಾನ್ ಗೊಂಡ ಸಮುದಾಯದ ಜಂಗಢ ಸಿಂಗ್ ಶ್ಯಾಮ್ (1962–2001) ಅವರನ್ನು ಜೆ. ಸ್ವಾಮಿನಾಥನ್ ಅವರು ಭೋಪಾಲದ ಭಾರತ ಭವನಕ್ಕೆ ಕರೆತಂದರು. ಗೊಂಡರ ಮನೆಗಳಲ್ಲಿ ಹಾಡುವುದು ಪರ್ಧಾನರ ಕುಲವೃತ್ತಿ. ಹಾಡಿನಲ್ಲಿದ್ದ ದೇವತೆಗಳು ಜಂಗಢರ ಕೈಯಲ್ಲಿ ಕಾಗದದ ಚಿತ್ರಗಳಾದವು. ಮಹಾರಾಷ್ಟ್ರದ ವಾರ್ಲಿ ಚಿತ್ರಕಾರ ಜಿವ್ಯಾ ಸೋಮಾ ಮಶೆ (1934–2018) ಮದುವೆಯ ಮನೆಯ ಗೋಡೆಗೆ ಸೀಮಿತವಾಗಿದ್ದ, ಹೆಂಗಸರು ಬರೆಯುತ್ತಿದ್ದ ಚಿತ್ರವನ್ನು ಕಾಗದ ಮತ್ತು ಬಟ್ಟೆಗೆ ತಂದರು. ಇವರಿಬ್ಬರನ್ನೂ ‘ಸ್ವಯಂಶಿಕ್ಷಿತ’ರೆಂದು ಕರೆದರೆ ಮೊದಲನೆಯವರ ಹಿಂದಿನ ಹಾಡುಗಾರರೂ ಎರಡನೆಯವರ ಹಿಂದಿನ ಹೆಂಗಸರೂ ಲೆಕ್ಕಕ್ಕೆ ಸಿಗುವುದಿಲ್ಲ.

ಕರ್ನಾಟಕದಲ್ಲಿ ಗದಗ ಸೀಮೆಗೆ ನೆರೆಯಾದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳಿವೆ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟಿನ ಲೇಪ ಕೊಟ್ಟು ದೇವತಾಮೂರ್ತಿ, ಪಲ್ಲಕ್ಕಿ, ಗೊಂಬೆಗಳಿಗೆ ಬಣ್ಣ ಹಾಕುವ ಇವರಲ್ಲಿ ಕಲಿಕೆ ಮನೆಯೊಳಗೇ ನಡೆಯುತ್ತದೆ. ಅದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ತೊಗಲನ್ನು ಹದಮಾಡಿ, ಕತ್ತರಿಸಿ, ಬೆಳಕು ಹಾಯುವಂತೆ ಬಣ್ಣ ಹಾಕುವುದೂ ಕಥೆ ಹಾಡುವುದೂ ಈ ಸಮುದಾಯದಲ್ಲಿ ಒಂದೇ ವಿದ್ಯೆಯ ಅಂಗಗಳು. ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತು ಮಾಡುವ ಕೈಗಳಿಗೂ, ಜೋಕುಮಾರನ ಮೂರ್ತಿಗೆ ರೂಪ ಕೊಡುವ ಕೈಗಳಿಗೂ ಶಾಲೆಯ ಪ್ರಮಾಣಪತ್ರವಿಲ್ಲ. ಎತ್ತಿನ ಇಣಿ ಎಷ್ಟು ಎತ್ತರವಿರಬೇಕು, ಜೋಕುಮಾರನ ಮುಖ ಹೇಗಿರಬೇಕು ಎಂಬುದು ಊರಿಗೆ ಗೊತ್ತಿದೆ. ತಪ್ಪಾದರೆ ತಿದ್ದುವವರೂ ಊರವರೇ.

ಈ ಸಮುದಾಯಗಳಿಗೂ ಕ್ವಾಕ್ವಕವಾಕ್ ಜನರಿಗೂ ಇರುವ ಅಂತರವನ್ನು ಮರೆಯಬಾರದು. ಇಲ್ಲಿ ಕಾಯಿದೆ ಈ ಕಲೆಗಳನ್ನು ನಿಷೇಧಿಸಲಿಲ್ಲ. ಆಶ್ರಯದ ಕೊರತೆ, ವಲಸೆ ಮತ್ತು ಅಗ್ಗದ ಕಾರ್ಖಾನೆ ಸರಕುಗಳಿಂದ ಅವು ಸೊರಗಿದವು. ಆದರೆ ದಾಖಲಾತಿಯ ದೋಷ ಎರಡೂ ಕಡೆ ಒಂದೇ. ವಸ್ತುಸಂಗ್ರಹಾಲಯದ ಚೀಟಿಯಲ್ಲಿ ‘ಕಿನ್ನಾಳ ಕಲೆ’, ‘ತೊಗಲುಗೊಂಬೆ, ಬಳ್ಳಾರಿ ಪ್ರದೇಶ’ ಎಂದಷ್ಟೇ ಇದ್ದರೆ ಮಾಡಿದವರ ಹೆಸರು ಹೋಗುತ್ತದೆ. ‘ಸ್ವಯಂಶಿಕ್ಷಿತ ಕಲಾವಿದ’ ಎಂದಷ್ಟೇ ಇದ್ದರೆ ಹೆಸರು ಉಳಿದು ಪರಂಪರೆ ಹೋಗುತ್ತದೆ.

7. ಸಮಾರೋಪ

1921ರ ಪಾಟ್ಲ್ಯಾಚಿನ ನಂತರ ಕಸಿದುಕೊಂಡ ವಸ್ತುಗಳನ್ನು ಮರಳಿ ಪಡೆಯಲು ಕ್ವಾಕ್ವಕವಾಕ್ ಜನರು ದೀರ್ಘಕಾಲ ಹೋರಾಡಿದರು. ಅವುಗಳನ್ನು ಇರಿಸಲು ಕೇಪ್ ಮಜ್ ಎಂಬಲ್ಲಿ 1979ರಲ್ಲೂ ಅಲರ್ಟ್ ಬೇಯಲ್ಲಿ 1980ರಲ್ಲೂ ಅವರದೇ ಸಂಗ್ರಹಾಲಯಗಳು ತೆರೆದವು. ಅಲರ್ಟ್ ಬೇಯ ಸಂಸ್ಥೆಯ ಹೆಸರು ಉಮಿಸ್ತ. ಸೆರೆ ಸಿಕ್ಕವರು ಮನೆಗೆ ಮರಳುವುದು ಎಂಬ ಅರ್ಥ ಆ ಮಾತಿಗಿದೆ. ಸ್ಪೆಕ್ ಅವರ ಚಿತ್ರಗಳಿಗೂ ಇಂಥದೊಂದು ಮರಳುವಿಕೆ ಲಭಿಸಿತು. ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ, 2012ರಲ್ಲಿ, ವ್ಯಾಂಕೂವರಿನ ಸ್ಯಾಟಲೈಟ್ ಗ್ಯಾಲರಿಯಲ್ಲಿ ಕ್ಯಾರೆನ್ ಡಫೆಕ್ ಮತ್ತು ಮಾರ್ಸಿಯಾ ಕ್ರಾಸ್ಬಿ ಅವರು ಆ ಚಿತ್ರಗಳ ಪ್ರದರ್ಶನವನ್ನು ಸಂಯೋಜಿಸಿದರು. ಅದರ ಶೀರ್ಷಿಕೆಯಲ್ಲಿ ಹೆನ್ರಿ ಸ್ಪೆಕ್ ಎಂಬ ಹೆಸರಿನ ಜೊತೆಗೆ ಉಡ್ಜಿಸ್ತಾಲಿಸ್ ಎಂಬ ಹೆಸರೂ ಇತ್ತು.

ಎರಡು ಹೆಸರುಗಳನ್ನು ಒಟ್ಟಿಗೆ ಬರೆಯುವ ಈ ಕ್ರಮದಲ್ಲಿ ದಾಖಲಾತಿಗೆ ಬೇಕಾದ ಪಾಠವಿದೆ. ಕಲಾವಿದನ ಹೆಸರು, ಊರು, ಮನೆತನ, ಅವನು ಯಾವ ಸಂದರ್ಭದಲ್ಲಿ ಯಾರನ್ನು ನೋಡಿ ಕಲಿತನು, ಆ ರೂಪವನ್ನು ಮಾಡುವ ಅಧಿಕಾರ ಯಾರಿಗಿದೆ, ಬಣ್ಣ ಮತ್ತು ಕುಂಚ ಎಲ್ಲಿಂದ ಬಂದವು ಎಂಬಿಷ್ಟು ವಿವರಗಳನ್ನು ಕ್ಷೇತ್ರಕಾರ್ಯದಲ್ಲಿ ಬರೆದುಕೊಳ್ಳಬೇಕು. ಕಿನ್ನಾಳದಲ್ಲೂ ಮೋರನಾಳದಲ್ಲೂ ಸಾಗರ ಸೀಮೆಯಲ್ಲೂ ಈ ವಿವರಗಳನ್ನು ಹೇಳಬಲ್ಲ ಹಿರಿಯರ ಸಂಖ್ಯೆ ಕಡಿಮೆಯಾಗುತ್ತಿದೆ. ಅವರು ಇರುವಾಗಲೇ ಕೇಳಿ ಬರೆದಿಟ್ಟರೆ, ಕಲಿಸಿದವರ ಹೆಸರುಗಳು ಮುಂದಿನ ಕರ್ನಾಟಕ ಕಲಾ ಇತಿಹಾಸಕ್ಕೆ ದೊರೆಯುತ್ತವೆ.